ಬಿಳಿ ವೈನ್ ರುಚಿ ನೋಡುವ ಆಸೆಯೇ?

ಪತಿಯ ಆಫೀಸ್ ಪಾರ್ಟಿಯಲ್ಲಿ ವೇಟರ್ ಟ್ರೇ ಹಿಡಿದು ‘ಮೇಡಂ, ವೈನ್?’ ಎಂದಾಗ ನಿಮಗೆ ಕಸಿವಿಸಿ ಆಗುತ್ತದೆಯೇ? ಬೇಡವೆನಿಸಿದರೆ ನಗುತ್ತಲೇ ‘ಬೇಡ’ ಎನ್ನಿ, ಅದರಲ್ಲಿ ಸಂಕೋಚವೇನೂ ಇಲ್ಲ. ‘ಹೇಗಿರುತ್ತೋ ನೋಡೇಬಿಡೋಣ’ ಎಂಬ ಕುತೂಹಲವಿದ್ದರೆ ಮಾತ್ರ ಮುಂದೆ ಓದಿ.

ಬಿಳಿ ವೈನ್ ಎಂದರೆ ಎಲ್ಲರ ಬಾಯಲ್ಲೂ ಶಾರ್ಡನೆಯದೇ ಹೆಸರು. ಅಷ್ಟೇನೂ ಸದ್ದು ಮಾಡದ ಇನ್ನೊಂದು ದ್ರಾಕ್ಷಿ ಶೆನಿನ್ ಬ್ಲಾಂಕ್. ಇದರ ತವರು ಫ್ರಾನ್ಸ್‌ನ ಲೋಆರ್ ಕಣಿವೆ. ದಕ್ಷಿಣ ಆಫ್ರಿಕಾದಲ್ಲಿ ಅತಿ ಹೆಚ್ಚು ಬೆಳೆಯುವ ವೈನ್ ದ್ರಾಕ್ಷಿಯೂ ಇದೇ. ಅಲ್ಲಿ ಇದಕ್ಕೆ ‘ಸ್ಟೀನ್’ ಎಂದು ಹೆಸರು. ಎರಡೂ ಒಂದೇ ತಳಿ ಎಂದು ಖಚಿತವಾಗಿದ್ದು 1960ರ ದಶಕದಲ್ಲಿ! ನಮ್ಮ ಪಕ್ಕದ ಮಹಾರಾಷ್ಟ್ರದ ನಾಸಿಕ್‌ನಲ್ಲೂ ಇದನ್ನು ಬೆಳೆಯುತ್ತಾರೆ. ಬಳ್ಳಿ ಧಾರಾಳವಾಗಿ ಫಸಲು ಕೊಡುತ್ತದೆ, ಬಿಸಿಲಿನಲ್ಲೂ ಹಣ್ಣು ತನ್ನ ಹುಳಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಇಲ್ಲೇ ತಯಾರಾದ ಬಾಟಲಿ ಆಮದು ವೈನ್‌ನಷ್ಟು ದುಬಾರಿಯಲ್ಲ.

ಕೊಳ್ಳುವಾಗ ಲೇಬಲ್ ಓದಿ. ‘ಡ್ರೈ’ ಎಂದರೆ ಸಿಹಿ ಇಲ್ಲ ಎಂದರ್ಥ. ‘ಸೆಮಿ ಡ್ರೈ’ ಎಂದಿದ್ದರೆ ತುಸು ಸಿಹಿ. ಮೊದಲ ಸಲಕ್ಕೆ ಎರಡನೆಯದೇ ವಾಸಿ.

ರುಚಿ ನೋಡುವುದು ಹೇಗೆ?

* ಬಾಟಲಿಯನ್ನು ಎರಡು ಗಂಟೆ ಫ್ರಿಜ್‌ನಲ್ಲಿಡಿ. ಐಸ್ ಹಾಕಬೇಡಿ, ರುಚಿ ನೀರಾಗುತ್ತದೆ.

* ಗಾಜಿನ ಲೋಟಕ್ಕೆ ಕಾಲು ಭಾಗ ಮಾತ್ರ ಸುರಿದು, ಮೆಲ್ಲಗೆ ತಿರುಗಿಸಿ ಮೂಸಿ. ಹಸಿರು ಸೇಬು, ಮರಸೇಬು, ಕೆಲವೊಮ್ಮೆ ಜೇನಿನ ಘಮ ಬರುತ್ತದೆ.

* ಒಂದು ಗುಟುಕನ್ನು ಬಾಯೆಲ್ಲಾ ಆಡಿಸಿ ನುಂಗಿ. ನಿಂಬೆ ಶರಬತ್ತು ಕುಡಿದಂತೆ ನಾಲಿಗೆಯ ಅಂಚು ಜುಮ್ಮೆಂದರೆ ಅದೇ ಈ ದ್ರಾಕ್ಷಿಯ ಹುಳಿ.

* ಹುರಿದ ಮೀನು, ಪನೀರ್ ಟಿಕ್ಕಾ ಜೊತೆಗೆ ಚೆನ್ನ. ತಿಂಡಿ ಖಾರವಾಗಿದ್ದರೆ ಸೆಮಿ ಡ್ರೈ ಹೊಂದುತ್ತದೆ.

* ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ, ಮಕ್ಕಳ ಕೈಗೆ ಸಿಗದಿರಲಿ.

‘ವೈನ್ ತಾನೇ, ಹಣ್ಣಿನ ರಸ’ ಎಂದು ಯಾರಾದರೂ ಪುಸಲಾಯಿಸಿದರೆ ನಂಬಬೇಡಿ. ಇದರಲ್ಲಿ ಶೇ 12ರ ಆಸುಪಾಸು ಆಲ್ಕೋಹಾಲ್ ಇರುತ್ತದೆ. ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸ್ವಲ್ಪ ಕುಡಿದರೂ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಗರ್ಭಿಣಿಯರಿಗಂತೂ ಬೇಡವೇ ಬೇಡ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ. ಕುಡಿದ ಮೇಲೆ ಸ್ಕೂಟರ್ ಮುಟ್ಟಬೇಡಿ.

ರುಚಿ ನೋಡುವುದಕ್ಕೆ ನಾಲ್ಕು ಗುಟುಕು ಸಾಕು. ಇಷ್ಟವಾಗಲಿಲ್ಲವೇ? ಲೋಟ ಪಕ್ಕಕ್ಕಿಟ್ಟು ನಿಂಬೆ ಶರಬತ್ತು ಕೇಳಿ. ಯಾರು ಏನಂದುಕೊಳ್ಳುತ್ತಾರೋ ಎಂದು ಕುಡಿಯುವುದೂ ಬೇಡ, ಕುತೂಹಲವನ್ನು ಅದುಮಿಡುವುದೂ ಬೇಡ. ನಿರ್ಧಾರ ನಿಮ್ಮದಾಗಿರಲಿ, ಅಷ್ಟೇ!