ರಾಮಚಂದ್ರ ಅರಮನೆ, ಜಮಖಂಡಿ

ರಾಮಚಂದ್ರ ಅರಮನೆಯು ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ, ರಾಮತೀರ್ಥ ಗುಡ್ಡದ ಮೇಲಿರುವ ಅರಮನೆ. ಇದು ಹಿಂದಿನ ಜಮಖಂಡಿ ಸಂಸ್ಥಾನದ ಪಟವರ್ಧನ ಅರಸರ ನಿವಾಸವಾಗಿತ್ತು. ಪೇಶ್ವೆಯರ ಸರದಾರರಾಗಿದ್ದ ಪಟವರ್ಧನ ಮನೆತನದ ಒಂದು ಶಾಖೆಯು 1811ರಲ್ಲಿ ಈ ಸಂಸ್ಥಾನವನ್ನು ಸ್ಥಾಪಿಸಿತು. ಇದರ ವಿಸ್ತೀರ್ಣ 524 ಚದರ ಮೈಲಿ. ಅರಸರು ಮರಾಠಿ ಭಾಷಿಕರು, ಪ್ರಜೆಗಳಲ್ಲಿ ಬಹುಪಾಲು ಜನ ಕನ್ನಡಿಗರು. ಅರಮನೆಯ ಇತಿಹಾಸವನ್ನು ಅರಿಯಲು ಈ ಸಂಗತಿಯನ್ನು ಮರೆಯಬಾರದು.

ಸಂಸ್ಥಾನದ ಕೊನೆಯ ವರ್ಷಗಳ ಆಡಳಿತದಲ್ಲಿ ಗಮನಾರ್ಹ ಹೆಸರು ಬಿ. ಡಿ. ಜತ್ತಿಯವರದು. ಇದೇ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಜನಿಸಿದ ಅವರು ಜಮಖಂಡಿಯಲ್ಲಿ ವಕೀಲಿ ಮಾಡಿ, ಪುರಸಭೆಯ ಅಧ್ಯಕ್ಷರಾಗಿ, ಮಂತ್ರಿಯಾಗಿ, ಕಡೆಗೆ ಸಂಸ್ಥಾನದ ದಿವಾನರಾದರು. 1948ರ ಮಾರ್ಚ್ 8ರಂದು ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಅರಸೊತ್ತಿಗೆಯೊಡನೆ ದಿವಾನಗಿರಿಯೂ ಮುಗಿಯಿತು. ಜತ್ತಿಯವರು ಮತ್ತೆ ವಕೀಲಿಗೆ ಮರಳಿದರು. ಮುಂದೆ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯೂ 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. ನೆರೆಯ ಮುಧೋಳದ ಘೋರ್ಪಡೆ ಸಂಸ್ಥಾನವೂ ಅದೇ ದಿನ ವಿಲೀನಗೊಂಡಿತು.

ಜಮಖಂಡಿಯು ವಿಜಯಪುರದಿಂದ ಸುಮಾರು 60 ಕಿ.ಮೀ. ದೂರದಲ್ಲಿದ್ದು, ಬಸ್ಸಿನಲ್ಲಿ ತಲುಪಬಹುದು. ಅರಮನೆ ನೋಡಲು ಬಂದವರು ಗುಡ್ಡದ ಮೇಲಿನ ರಾಮೇಶ್ವರ ದೇವಾಲಯವನ್ನೂ ಸಂದರ್ಶಿಸಬಹುದು. ಬಯಲುಸೀಮೆಯ ಬಿಸಿಲು ಬಿರುಸಾದುದರಿಂದ ಬೇಸಿಗೆಯಲ್ಲಿ ಮುಂಜಾನೆಯ ಹೊತ್ತು ಗುಡ್ಡ ಹತ್ತುವುದು ಹಿತಕರ.