ನಾಡಿನ ಹೆಸರು ಮತ್ತು ನಾಡಿನ ನೆಲ: ನಂದಿದುರ್ಗದ ನಿದರ್ಶನ

ಪ್ರಾಚೀನ ಪ್ರದೇಶವೊಂದನ್ನು ಇಂದಿನ ರಾಜ್ಯದ ಹೆಸರಿನಿಂದ ಕರೆಯುವುದು ನಮ್ಮ ಪಠ್ಯಪುಸ್ತಕಗಳಲ್ಲಿ ರೂಢಿಯಾಗಿದೆ. ‘ಗಂಗರು ದಕ್ಷಿಣ ಕರ್ನಾಟಕವನ್ನು ಆಳಿದರು’ ಎನ್ನುವಾಗ ನಾವು ಆ ನೆಲಕ್ಕೆ ಅಂದು ಸಲ್ಲುತ್ತಿದ್ದ ಹೆಸರನ್ನು ಬಿಟ್ಟು ಇಂದಿನ ಹೆಸರನ್ನು ಹಿಂದಕ್ಕೆ ಒಯ್ಯುತ್ತೇವೆ. ಈ ರೂಢಿ ಎಲ್ಲಿಯವರೆಗೆ ಯುಕ್ತವೆಂಬುದನ್ನು ಕೋಲಾರ ಸೀಮೆಯ ನಿದರ್ಶನದಿಂದ ಪರಿಶೀಲಿಸಬಹುದು.

ಕೋಲಾರದ ಪ್ರಾಚೀನ ನಾಮ ಕುವಳಾಲ. ಗಂಗ ಅರಸರು ಶಾಸನಗಳಲ್ಲಿ ‘ಕುವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳನ್ನು ಧರಿಸಿದ್ದಾರೆ. ನಂದಗಿರಿಯೆಂದರೆ ಈಗಿನ ನಂದಿಬೆಟ್ಟ. ರಾಜಧಾನಿ ತಲಕಾಡಿಗೆ ಸರಿದ ಮೇಲೂ ಈ ಬಿರುದುಗಳು ಉಳಿದುವು. ಇಡೀ ನಾಡಿಗೆ ಮಾತ್ರ ಆಳುವ ಕುಲದಿಂದ ‘ಗಂಗವಾಡಿ ತೊಂಬತ್ತಾರು ಸಾಸಿರ’ ಎಂಬ ಹೆಸರಾಯಿತು. 1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದು, ಕೋಲಾರ ಪ್ರದೇಶವನ್ನು ನಿಕರಿಲಿಚೋಳಮಂಡಲವೆಂದೂ ಮೈಸೂರು ಸೀಮೆಯ ದಕ್ಷಿಣ ಭಾಗವನ್ನು ಮುಡಿಕೊಂಡಚೋಳಮಂಡಲವೆಂದೂ ಕರೆದರು. ಗೆದ್ದವರು ಇಟ್ಟ ಈ ಹೆಸರುಗಳು ಅವರ ಪ್ರಭುತ್ವವಳಿದ ಬಳಿಕ ಕ್ರಮೇಣ ಬಳಕೆ ತಪ್ಪಿದುವು.

ರಾಜಧಾನಿಯ ಹೆಸರು ರಾಜ್ಯಕ್ಕೆ ಹಬ್ಬುವುದು ಇನ್ನೊಂದು ಬಗೆ. ಮೈಸೂರೆಂಬುದು ಮೊದಲು ಒಂದು ಸಣ್ಣ ಪಾಳೆಯಪಟ್ಟಿನ ಊರು. ಒಡೆಯರ ರಾಜ್ಯ ವಿಸ್ತರಿಸಿದಂತೆ ಆ ಹೆಸರೂ ವಿಸ್ತರಿಸಿ ಕೋಲಾರವನ್ನು ಒಳಗೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಆಡಳಿತವು ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳನ್ನು ‘ನಂದಿದುರ್ಗ ವಿಭಾಗ’ವೆಂದು ಒಟ್ಟುಗೂಡಿಸಿತ್ತು. ಬೆಟ್ಟದಿಂದ ಬಹುದೂರವಿರುವ ಚಿನ್ನದ ಗಣಿಯೊಂದೂ ನಂದಿದುರ್ಗವೆನಿಸಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. 2007ರಲ್ಲಿ ನಂದಿಬೆಟ್ಟವೇ ಹೊಸ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಆದರೂ ಗಣಿಪ್ರದೇಶದಲ್ಲಿ ಹೆಸರು ನಿಂತಿದೆ. ಹೆಸರು ತನ್ನ ನೆಲವನ್ನು ಬಿಟ್ಟು ಬಾಳಬಲ್ಲುದೆಂಬುದಕ್ಕೆ ಇದು ಸಾಕ್ಷಿ.

‘ಕರ್ನಾಟಕ’ ಶಬ್ದದ ಸಂಚಾರ ಇನ್ನೂ ವಿಚಿತ್ರವಾದುದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಗುರುತಿಸುತ್ತದೆ. ವಿಜಯನಗರವು ಕರ್ನಾಟ ರಾಜ್ಯವೆನಿಸಿದ್ದರಿಂದ ಆ ಹೆಸರು ಅದರ ಅಧಿಕಾರದೊಡನೆ ಆಗ್ನೇಯಕ್ಕೆ ಸಾಗಿತು. ಕಡೆಗೆ ಯುರೋಪಿಯನ್ನರು ಆರ್ಕಾಟಿನ ನವಾಬನ ತಮಿಳು ಸೀಮೆಯನ್ನು ‘ಕರ್ನಾಟಿಕ್’ ಎಂದರು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದುಗೂಡಿದಾಗಲೂ ಹೊಸ ರಾಜ್ಯಕ್ಕೆ ಮೈಸೂರೆಂಬ ಹೆಸರೇ ಉಳಿಯಿತು. ಒಂದು ಭಾಗದ ಹೆಸರು ಇಡೀ ನಾಡಿಗೆ ಸಲ್ಲದೆಂದು ಧಾರವಾಡದ ಕಡೆಯವರು ವಾದಿಸಿದರೆ, ಹಳೆಯ ಮೈಸೂರಿನ ಹಲವರಿಗೆ ಆ ಹೆಸರಿನ ಮೇಲೆ ಅಭಿಮಾನವಿತ್ತು. 1973ರ ನವೆಂಬರ್ 1ರಂದು, ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, ಕರ್ನಾಟಕವೆಂಬ ನಾಮಕರಣವಾಯಿತು.

ಆಫ್ರಿಕದ ‘ಚಿನ್ನದ ಕರಾವಳಿ’ಯು 1957ರಲ್ಲಿ ಸ್ವತಂತ್ರವಾದಾಗ ಘಾನಾ ಎಂಬ ಹೆಸರನ್ನು ತಾಳಿತು, ಪ್ರಾಚೀನ ಘಾನಾ ಸಾಮ್ರಾಜ್ಯವಿದ್ದದ್ದು ವಾಯವ್ಯಕ್ಕೆ ಬಹುದೂರ, ಇಂದಿನ ಮಾಲಿ-ಮಾರಿಟೇನಿಯ ದೇಶಗಳಲ್ಲಿ. ಅಲ್ಲಿ ಗಡಿಗಳ ಸಾತತ್ಯವಿಲ್ಲ. ಪರಾಧೀನತೆ ಇಟ್ಟ ಹೆಸರನ್ನು ಕಳಚಬೇಕೆಂಬ ಸಂಕಲ್ಪವಿದೆ. ಕರ್ನಾಟಕದಲ್ಲಾದರೋ ಹೆಸರೂ ಜನರ ನುಡಿಯೂ ಹಿಂದಿನಿಂದ ಕೂಡಿಬಂದಿವೆ. ಗಡಿ ಮಾತ್ರ ಹೊಸದು.

ಆದುದರಿಂದ ಇಂದಿನ ಹೆಸರನ್ನು ಸ್ಥಳಸೂಚನೆಗಾಗಿ ಬಳಸುವುದು ದೋಷವಲ್ಲ; ಅದರೊಡನೆ ಇಂದಿನ ಗಡಿಯನ್ನೂ ನಿಷ್ಠೆಯನ್ನೂ ಹಿಂದಕ್ಕೆ ಒಯ್ಯುವುದು ದೋಷ. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು ಶಾಸನಗಳೂ ಇವೆ. ಗಡಿಯನ್ನು ಹಿಂದಕ್ಕೆ ಒಯ್ದರೆ ಅವುಗಳಲ್ಲಿ ಕೆಲವು ತಮ್ಮ ನೆಲದಲ್ಲಿಯೇ ಪರಕೀಯವಾಗುತ್ತವೆ. ವಿದ್ಯಾರ್ಥಿಗಳು ಮೊದಲು ಶಾಸನದಲ್ಲಿರುವ ಹೆಸರನ್ನು ಬರೆದು, ಬಳಿಕ ಇಂದಿನ ಹೆಸರನ್ನು ಸೂಚಿಸುವುದು ಒಳ್ಳೆಯ ಕ್ರಮ.