ದುಡಿಯದೆಯೂ ಬರುವ ಆಯಾಸ

ಹನೂರು ತಾಲ್ಲೂಕಿನ ಅಜ್ಜೀಪುರದಂತಹ ಊರುಗಳಲ್ಲಿ, ಬಿಸಿಲೇರುವ ಮೊದಲೇ ಹೊಲಕ್ಕಿಳಿದು ಹೊತ್ತು ಮುಳುಗುವವರೆಗೆ ಮೈಮುರಿದು ದುಡಿಯುವುದನ್ನೇ ಮನುಷ್ಯನ ಯೋಗ್ಯತೆಯ ಅಳತೆಗೋಲೆಂದು ತಿಳಿದಿರುವ ಜನರ ನಡುವೆ, ಕೈಕಾಲು ನೆಟ್ಟಗಿದ್ದೂ ಬೆಳಗಿನ ಹತ್ತು ಗಂಟೆಗೇ ‘ನನ್ನ ಕೈಲಿ ಆಗದು’ ಎಂದು ಜಗಲಿಯ ಮೇಲೆ ಕುಳಿತುಬಿಡುವ ಹೆಣ್ಣುಮಗಳಿಗೆ ದೊರೆಯುವ ಹೆಸರು ಸೋಮಾರಿ ಎಂಬುದೇ. ಆ ಹೆಸರು ಎಷ್ಟು ಕ್ರೂರವಾದ ಅನ್ಯಾಯವಾಗಬಲ್ಲುದೆಂಬುದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯ ಅಧ್ಯಯನವು ತೋರಿಸಿಕೊಟ್ಟಿದೆ.

1868ರಲ್ಲಿ ಪ್ಯಾರಿಸಿನ ವೈದ್ಯ ಷಾರ್ಕೊ ಸ್ಪಷ್ಟವಾಗಿ ವರ್ಣಿಸಿದ ಈ ರೋಗದಲ್ಲಿ, ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು, ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳ ತಂತುಗಳನ್ನು ಆವರಿಸಿರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಅಲ್ಲಲ್ಲಿ ನಾಶಮಾಡುತ್ತದೆ. ಬಹುಮಟ್ಟಿಗೆ 20ರಿಂದ 40 ವರ್ಷದೊಳಗಿನವರನ್ನು, ಅವರಲ್ಲಿಯೂ ಸ್ತ್ರೀಯರನ್ನು ಹೆಚ್ಚಾಗಿ ಹಿಡಿಯುವ ಇದು ಶೀತದೇಶಗಳ ಕಾಯಿಲೆ, ನಮ್ಮದಲ್ಲವೆಂಬ ನಂಬಿಕೆ ಬಹುಕಾಲ ಇತ್ತು. ಆದರೆ ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಅವರು ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ ಸುಮಾರು 8 ರೋಗಿಗಳು ಕಂಡುಬಂದರು.

ಈ ರೋಗವಿರುವವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯನ್ನು ಕಾಡುವುದು ಬಳಲಿಕೆ. ವಿಚಿತ್ರವೆಂದರೆ, ಎಂ.ಆರ್.ಐ. ಚಿತ್ರದಲ್ಲಿ ಕಾಣುವ ಕಲೆಗಳ ಸಂಖ್ಯೆಗೂ ಬಳಲಿಕೆಯ ತೀವ್ರತೆಗೂ ನೇರವಾದ ಹೊಂದಾಣಿಕೆ ಇಲ್ಲ. ಆದಕಾರಣವೇ ವಿದ್ವಾಂಸರ ದೃಷ್ಟಿ ಮಿದುಳಿನ ಭಾಗಗಳನ್ನು ಬಿಟ್ಟು ಅವುಗಳ ಪರಸ್ಪರ ಸಂಪರ್ಕದ ಕಡೆಗೆ ಹೊರಳಿತು. ಪ್ರಯತ್ನಕ್ಕೆ ತಕ್ಕ ಫಲವುಂಟೆ ಎಂದು ತೂಗಿ ನೋಡುವ ಮಿದುಳಿನ ಮುಂಭಾಗ, ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮತ್ತು ಥಾಲಮಸ್ ಇವುಗಳ ನಡುವಣ ಸುತ್ತುದಾರಿಯಲ್ಲಿ ವ್ಯತ್ಯಯವಾದಾಗ ಬಳಲಿಕೆ ಹುಟ್ಟುತ್ತದೆಂಬ ವಾದವನ್ನು ಚೌಧುರಿ ಮತ್ತು ಬೆಹನ್ ಎಂಬ ಸಂಶೋಧಕರು 2000ದಲ್ಲಿ ಮುಂದಿಟ್ಟರು. ನಾಲೆಯ ದಡ ಅಲ್ಲಲ್ಲಿ ಒಡೆದು ನೀರು ಸೋರಿದರೆ, ಕೊನೆಯ ಗದ್ದೆಗೆ ಅಷ್ಟೇ ನೀರು ಮುಟ್ಟಿಸಲು ಮೇಲಿನಿಂದ ಹೆಚ್ಚು ನೀರು ಬಿಡಬೇಕಾಗುವುದಲ್ಲವೆ? ಮಿದುಳಿನ ಪಾಡೂ ಅದೇ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಅಮೆರಿಕದ ಜಾನ್ ಡೆಲೂಕಾ ಮತ್ತು ಸಂಗಡಿಗರ 2008ರ ಪ್ರಯೋಗ. ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದವರ ಮುಂದೆ ಚಿಹ್ನೆಗಳನ್ನೂ ಅಂಕಿಗಳನ್ನೂ ಮೂಡಿಸಿ, ಜೋಡಿ ಸರಿಯೇ ತಪ್ಪೇ ಎಂದು ಮತ್ತೆ ಮತ್ತೆ ಕೇಳಲಾಯಿತು. ಆರೋಗ್ಯವಂತರಿಗೆ ಕೆಲಸ ರೂಢಿಯಾದಂತೆಲ್ಲ ಮಿದುಳಿನ ಚಟುವಟಿಕೆ ಇಳಿಯುತ್ತ ಹೋದರೆ, ರೋಗಿಗಳಲ್ಲಿ ಅದು ಏರುತ್ತಲೇ ಹೋಯಿತು. ನಾವು ಅಭ್ಯಾಸಬಲದಿಂದ ನಿರಾಯಾಸವಾಗಿ ಮಾಡುವುದಕ್ಕೆ ಅವರು ಪ್ರತಿಸಲವೂ ಹೊಸದಾಗಿ ಬೆಲೆ ತೆರುತ್ತಿದ್ದರು. ಮುಂದಿನ ಅಧ್ಯಯನಗಳಲ್ಲಿ ಕೆಲವು ಸಂಪರ್ಕಗಳು ಕ್ಷೀಣಿಸಿದ್ದು, ಮತ್ತೆ ಕೆಲವು ಅತಿಯಾಗಿದ್ದು ಎರಡೂ ಕಂಡಿರುವುದರಿಂದ, ಬಳಲಿಕೆಯನ್ನು ಚಿತ್ರದಲ್ಲಿ ತೋರಿಸಿ ರುಜುವಾತುಪಡಿಸುವ ಕಾಲ ಇನ್ನೂ ಬಂದಿಲ್ಲ. ರೋಗಿಯ ಮಾತೇ ಈಗಲೂ ಪ್ರಮಾಣ.

ದೇಹಶ್ರಮವಾದಾಗ ಈ ರೋಗಿಗಳ ದೃಷ್ಟಿ ಸ್ವಲ್ಪ ಕಾಲ ಮಸುಕಾಗುವುದನ್ನು ಜರ್ಮನಿಯ ವೈದ್ಯ ಊಟ್‌ಹೋಫ್ 1890ರಲ್ಲಿಯೇ ಗುರುತಿಸಿದ್ದನು; ಮೈ ಬಿಸಿಯಾದರೆ ಲಕ್ಷಣಗಳು ಉಲ್ಬಣಿಸುವುದೇ ಇದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ನಮ್ಮ ಬಯಲುಸೀಮೆಯ ಚೈತ್ರ ವೈಶಾಖಗಳಲ್ಲಿ ಇಂತಹವರ ಸಂಕಟವನ್ನು ಊಹಿಸಬಹುದು. ಬಳಲಿಕೆಗೆಂದು ಕೊಡುವ ಮೂರು ಪ್ರಸಿದ್ಧ ಔಷಧಗಳು ಹುಸಿಗುಳಿಗೆಗಿಂತ ಮೇಲಲ್ಲವೆಂದು 2021ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಹಿತಮಿತವಾದ ವ್ಯಾಯಾಮ, ತಂಪುಹೊತ್ತಿನಲ್ಲಿ ಕೆಲಸ, ನಡುನಡುವೆ ವಿಶ್ರಾಂತಿ, ಆಪ್ತಸಲಹೆ, ಇವುಗಳಿಂದಲೇ ಹೆಚ್ಚು ಉಪಶಮನ. ರಕ್ತಹೀನತೆ, ಥೈರಾಯ್ಡ್ ದೋಷ, ನಿದ್ರಾಭಂಗ, ಖಿನ್ನತೆ ಜೊತೆಗೂಡಿವೆಯೇ ಎಂದು ನೋಡಿಸುವುದೂ ಅವಶ್ಯ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಈ ರೋಗವನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಮನೆಯಲ್ಲಿ ಯಾರಿಗಾದರೂ ಒಂದು ಕಣ್ಣು ಏಕಾಏಕಿ ಮಂಜಾಗಿ, ಅಥವಾ ಕೈಕಾಲು ದಿನಗಟ್ಟಲೆ ಜೋಮುಹಿಡಿದು, ಅದರೊಂದಿಗೆ ಇಂತಹ ಆಯಾಸವೂ ಉಳಿದುಬಿಟ್ಟರೆ, ದಯವಿಟ್ಟು ಅವರನ್ನು ಹಂಗಿಸದೆ ನರರೋಗ ತಜ್ಞರಲ್ಲಿಗೆ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ, ತಡಮಾಡದೆ ಕರೆದೊಯ್ಯಿರಿ.